ಮೌನಪ್ಪ ಕಾಕಾ ಬಿಗಿದ ನಟ್ಟು

ದೆವ್ವ ಕಂಡಿತು, ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಹೇಳಿದರೆ ನಾನು ಅವರನ್ನು ಸುಮ್ಮನೆ ಬಿಟ್ಟವನಲ್ಲ. "ಪಿತ್ತ ಏರೇತಿ ನಿನಗ, ಒಂದು ನಿಂಬಿಹಣ್ಣು ಹಿಂಡಿಕೊಂಡು ಕುಡಿ" ಎಂದು ಚೇಷ್ಟೆ ಮಾಡುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಓದಿ ಮುಗಿಸಿ ಉಗುಳಿದರೂ ನಾನು ಬೇಡ ಎನ್ನಲಾರೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ನನ್ನ ಸೋದರಮಾವನ ಲಾರಿ ಓಡಿಸುತ್ತಿದ್ದೆ. ಗುತ್ತಲ, ಐರಣಿ ಕಡೆ ಹೊಲಕ್ಕೇ ಹೋಗಿ ಒಣಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಪೇಟೆಗೆ ಮುಟ್ಟಿಸುವುದು ಕೆಲಸ. ಹೊಲಕ್ಕೆ ರಸ್ತೆ ಎಲ್ಲಿಂದ ಬರಬೇಕು? ಬಂಡಿದಾರಿ, ಹಳ್ಳ, ಕಲ್ಲು. ಲಾರಿಯ ಡೀಸೆಲ್ ಟ್ಯಾಂಕು ಪಕ್ಕದಲ್ಲಿ ತಗ್ಗಾಗಿ ಜೋತುಬಿದ್ದಿರುತ್ತದೆ, ಒಂದು ಚೂಪುಗಲ್ಲು ತಾಗಿದರೆ ಕತೆ ಮುಗಿಯಿತು. ಅದಕ್ಕೇ ನಮ್ಮ ಕಡೆಯ ಡ್ರೈವರುಗಳೆಲ್ಲ ರಾಣೆಬೆನ್ನೂರಿನ ಮೌನಪ್ಪ ಕಾಕಾನ ಅಂಗಡಿಗೆ ಹೋಗುತ್ತಿದ್ದರು. ಕುಲುಮೆ ಬಿಟ್ಟು ವೆಲ್ಡಿಂಗ್ ಹಿಡಿದಿದ್ದ ಕಮ್ಮಾರರು ಅವರು. ಹಳೇ ಲಾರಿಯ ಕಮಾನ್ ಪಟ್ಟಿಗಳನ್ನು ಜೋಡಿಸಿ ಟ್ಯಾಂಕಿನ ಅಡಿಗೆ ತೊಟ್ಟಿಲಿನಂಥ ಗಾರ್ಡ್ ಮಾಡುತ್ತಿದ್ದರು. ಕಬ್ಬಿಣ ಉಜ್ಜಬಾರದೆಂದು ನಡುವೆ ಟೈರಿನ ರಬ್ಬರು, ಬೋಲ್ಟಿಗೆ ಎರಡೆರಡು ನಟ್ಟು. ಕೊನೆಯ ನಟ್ಟು ಬಿಗಿದು ಅದರ ಮೇಲೆ ಬೆರಳಿಟ್ಟು, "ಹೋಗು ತಮ್ಮಾ, ಇನ್ನ ಇದರ ಜವಾಬ್ದಾರಿ ನಂದು" ಎನ್ನುತ್ತಿದ್ದರು. ಆ ಮಾತು ಆಡದೆ ಯಾವ ಗಾಡಿಯನ್ನೂ ಬಿಡುತ್ತಿರಲಿಲ್ಲ.

ನಮ್ಮ ಗಾಡಿಗೂ ಹಾಕಿಕೊಟ್ಟರು. ಆದರೆ ಆ ವರ್ಷ ಅಕಾಲದ ಮಳೆ ಬಿತ್ತು. ಎರೆಮಣ್ಣು ಗಾರ್ಡಿಗೂ ಟ್ಯಾಂಕಿಗೂ ನಡುವೆ ಮೆತ್ತಿಕೊಂಡು ಗಟ್ಟಿಯಾಗುತ್ತಿತ್ತು. ದಿನಾ ಸಂಜೆ ಗಾಡಿಯ ಅಡಿಗೆ ಮಲಗಿ ಕಬ್ಬಿಣದ ಸಲಾಕೆಯಿಂದ ಅದನ್ನು ಕೆರೆದು ತೆಗೆಯಬೇಕು. ನನಗೆ ಮೊದಲೇ ಮೈಗಳ್ಳತನ. ಒಂದು ದಿನ ಸಿಟ್ಟು ಬಂದು ಗಾರ್ಡನ್ನೇ ಬಿಚ್ಚಿ ದನದ ಕೊಟ್ಟಿಗೆಯ ಹಿಂದೆ ಒಗೆದೆ. ಎಲ್ಲ ನಟ್ಟು ಬಿಚ್ಚುವಷ್ಟರಲ್ಲಿ ಅಂಗೈ ಬೊಬ್ಬೆ ಬಂದಿತ್ತು, ಅಷ್ಟು ಬಿಗಿಯಾಗಿದ್ದವು. ಇದನ್ನು ನೆನಪಿಟ್ಟುಕೊಳ್ಳಿ.

ವಾರದೊಳಗೆ ಐರಣಿ ಹತ್ತಿರದ ಹಳ್ಳದಲ್ಲಿ ಟ್ಯಾಂಕಿಗೆ ಕಲ್ಲು ಬಡಿಯಿತು. ತೂತಿಗೆ ಬಟ್ಟೆ ಸೋಪು ತುರುಕಿ ನೋಡಿದೆ, ನಿಲ್ಲಲಿಲ್ಲ. ಡೀಸೆಲ್ ಎಲ್ಲ ಉಸುಕು ಕುಡಿಯಿತು. ಎರಡು ದಿನ ಗಾಡಿ ಅಲ್ಲೇ ನಿಂತು, ಮೇಲಿಂದ ಜಿಟಿಜಿಟಿ ಮಳೆಗೆ ಮೆಣಸಿನಕಾಯಿ ಬಣ್ಣ ಕೆಟ್ಟಿತು. ಮಾವ ಬಂದವನೇ "ಗಾರ್ಡ್ ಎಲ್ಲೈತಲೇ?" ಎಂದ. ನಾಲಿಗೆಗೆ ಎಲುಬಿಲ್ಲ ನೋಡಿ. "ನಟ್ ಸಡ್ಲಾಗಿ ದಾರ್ಯಾಗ ಎಲ್ಲೋ ಬಿದ್ದೈತಿ ಮಾವಾ, ಕಾಕಾ ಬರೋಬರಿ ಬಿಗದಿಲ್ಲ" ಎಂದುಬಿಟ್ಟೆ.

ಮಾವ ನನ್ನನ್ನೂ ಕರೆದುಕೊಂಡು ನೆಟ್ಟಗೆ ಅಂಗಡಿಗೆ ಹೋದ. ನಾಲ್ಕು ಜನ ಡ್ರೈವರುಗಳ ಎದುರಿಗೇ, "ಕೈ ನಿಲ್ಲಂಗಿಲ್ಲಂದ್ರ ಕೆಲಸ ಬಿಡ್ರಿ, ಮಂದಿ ಗಾಡಿ ಯಾಕ ಹಾಳ ಮಾಡ್ತೀರಿ?" ಎಂದು ಒದರಾಡಿದ. ಕಾಕಾ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. ನಾನು ಬಗ್ಗಿ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡೆ. ಅದು ಸರಿಯಾಗಿಯೇ ಇತ್ತು.

ಆ ಮೇಲೆ ಕಾಕಾ ಒಂದೇ ನಟ್ಟನ್ನು ನಾಲ್ಕು ಸಲ ಬಿಗಿಯುತ್ತಿದ್ದರಂತೆ. 'ಜವಾಬ್ದಾರಿ ನಂದು' ಎಂಬ ಮಾತು ನಿಂತಿತು. ಬರುವವರು ಕಡಿಮೆಯಾದರು. ಮುಂದಿನ ಸುಗ್ಗಿಯ ಹೊತ್ತಿಗೆ ಅಂಗಡಿಗೆ ಬೀಗ ಬಿದ್ದಿತ್ತು. ನಾನು ಆ ಓಣಿಯನ್ನೇ ತಪ್ಪಿಸಿ ತಿರುಗಾಡುತ್ತಿದ್ದೆ.

ಆ ಸುಗ್ಗಿಯಲ್ಲೇ, ಒಂದು ಮಂಗಳವಾರ, ಸುಡುಸುಡು ಮಧ್ಯಾಹ್ನ, ಮತ್ತೆ ಅದೇ ಹಳ್ಳಕ್ಕೆ ಬಂದೆ. ಈ ಸಲ ಬೇರೆ ಕಡೆ ಮಾಡಿಸಿದ ಗಾರ್ಡ್ ಇತ್ತು. ಆದರೂ ಹೆದರಿಕೆ. ಗಾಡಿ ನಿಲ್ಲಿಸಿ, ಮುಂದೆ ನಡೆದು ಕಲ್ಲು ಸರಿಸಿ ವಾಪಸ್ ಬಂದೆ. ಟ್ಯಾಂಕಿನ ಮಗ್ಗುಲಲ್ಲಿ ಮೌನಪ್ಪ ಕಾಕಾ ಕುಕ್ಕರಗಾಲಲ್ಲಿ ಕೂತಿದ್ದರು. ತಲೆಗೆ ಟವಲು, ಖಾಕಿ ಅಂಗಿ. ಬೆರಳು ನಟ್ಟಿನ ಮೇಲಿತ್ತು.

ಐರಣಿಯಲ್ಲಿ ಬೀಗರ ಮನೆಗೆ ಬಂದಿರಬೇಕು ಅಂದುಕೊಂಡೆ. "ಇಲ್ಲೆಲ್ಲಿ ಬಂದೀರಿ ಕಾಕಾ?" ಎಂದೆ. ಅವರು ನಟ್ಟಿನ ಮೇಲಿಟ್ಟ ಬೆರಳು ತೆಗೆಯದೆ ಕೇಳಿದರು:

"ಖರೇ ಹೇಳ ತಮ್ಮಾ. ನಾ ಬಿಗದ ನಟ್ ಸಡ್ಲ ಇತ್ತನು?"

ನೀವೇ ನೋಡಿ. ಮಾವ ಇರಲಿಲ್ಲ, ನರಪಿಳ್ಳೆ ಇರಲಿಲ್ಲ. ನಿಜ ಹೇಳಿದ್ದರೆ ನನ್ನದೊಂದು ಕೂದಲೂ ಕೊಂಕುತ್ತಿರಲಿಲ್ಲ. ಹಾಳು ಬಾಯಿ! "ಹೌದ್ರಿ ಕಾಕಾ, ಸ್ವಲ್ಪ ಸಡ್ಲ ಇತ್ತು. ಆದದ್ದಾತು ಬಿಡ್ರಿ, ನಾ ಏನ್ ಮನಸ್ಸಿನ್ಯಾಗ ಇಟ್ಕೊಂಡಿಲ್ಲ" ಎಂದೆ. ಸುಳ್ಳು ಹೇಳಿದ್ದಲ್ಲದೆ ದೊಡ್ಡ ಮನುಷ್ಯನಂತೆ ಅವರನ್ನು ಕ್ಷಮಿಸಿಯೂ ಬಿಟ್ಟೆ. ಇದನ್ನು ಬರೆಯುವಾಗ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

"ಹಂಗಾದ್ರ ಸರಿ" ಎಂದರು. ಸಿಟ್ಟಿರಲಿಲ್ಲ. ಕುಡಿಯಲು ನೀರು ಕೊಡೋಣವೆಂದು ಕ್ಯಾಬಿನ್ನಿನಿಂದ ಬಾಟಲಿ ತಂದೆ. ಕಾಕಾ ಇರಲಿಲ್ಲ. ಸುತ್ತ ಬಟಾಬಯಲು, ಒಂದು ಮರವಿಲ್ಲ. ಹಸಿ ಉಸುಕಿನಲ್ಲಿ ನನ್ನ ಚಪ್ಪಲಿಯ ಗುರುತುಗಳು ಮಾತ್ರ ಇದ್ದವು. ಹಳ್ಳ ಹೇಗೆ ದಾಟಿದೆನೋ, ಬ್ಯಾಡಗಿಗೆ ಹೇಗೆ ಮುಟ್ಟಿದೆನೋ ನೆನಪಿಲ್ಲ.

ಚೀಲ ಇಳಿಸುವಾಗ ಪೇಟೆಯಲ್ಲಿ ಸುದ್ದಿ ಬಂತು, ಕಾಕಾ ಹೋಗಿಬಿಟ್ಟರು ಎಂದು. ಮೂರನೇ ದಿನ ಮಾತಾಡಿಸಿ ಬರಲು ರಾಣೆಬೆನ್ನೂರಿಗೆ ಹೋದೆ. ಕಾಕಾನ ಹೆಂಡತಿ, ನಮ್ಮ ಕಾಕು, ಒಬ್ಬರೇ ಕಂಬಕ್ಕೆ ಒರಗಿ ಕೂತಿದ್ದರು. ನಾನು ಕೇಳದೆಯೇ ಹೇಳಿದರು:

"ಎಂಟ್ ದಿನ ಹಾಸಿಗಿ ಬಿಟ್ಟು ಎದ್ದಿಲ್ಲಪಾ. ಒಂದ ಮಾತು ಹಿಡದಿದ್ರು, 'ನಟ್ ಸಡ್ಲ ಇತ್ತನು, ಸಡ್ಲ ಇತ್ತನು' ಅಂತ. ಇಲ್ಲರಿ, ನಿಮ್ಮ ಕೈ ಅಂಥಾದ್ದಲ್ಲ ಅಂತ ನಾ ಹೇಳಿದ್ರ ಒಂದೀಟು ಸಮಾಧಾನ ಆಗ್ತಿದ್ರು. ಮಂಗಳವಾರ ಮಧ್ಯಾಹ್ನ ಒಮ್ಮೆಲೆ ಕಣ್ಣು ತಗದು, 'ಹೌದಂತ ನೋಡ, ಸಡ್ಲ ಇತ್ತಂತ' ಅಂದ್ರು. ಗ್ವಾಡಿ ಕಡೆ ಹೊಳ್ಳಿ ಮಲಗಿದವ್ರು ಮತ್ತ ಏಳಲಿಲ್ಲ."

ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಮನಿಯಾಗ ನಾ ಒಬ್ಬಾಕೀನ ಇದ್ದೆ. ಅವರಿಗೆ ಹಂಗಂತ ಹೇಳಿದವ್ರು ಯಾರಿರಬೇಕು ತಮ್ಮಾ?"

"ಗೊತ್ತಿಲ್ರಿ ಕಾಕು" ಎಂದೆ.

ಹಳ್ಳದಲ್ಲಿ ಆಡಿದ ಮಾತು ಆ ಹಾಸಿಗೆಗೆ ಹೇಗೆ ಮುಟ್ಟಿತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಕಾಕು ಇನ್ನೂ ಅದೇ ಮನೆಯಲ್ಲಿದ್ದಾರೆ. ದಾರಿಯಲ್ಲಿ ಸಿಕ್ಕಾಗೆಲ್ಲ ಊಟವಾಯಿತೇ ಎಂದು ಕೇಳುತ್ತಾರೆ. ಆಯಿತು ಎನ್ನುತ್ತೇನೆ, ಅಷ್ಟೇ ಹೇಳಿ ಮುಂದೆ ಹೋಗುತ್ತೇನೆ.