ಬೆಕ್ಕಿಗೆ ಉಚ್ಚೆ ಕಟ್ಟಿದ್ದು

ಕೊಟ್ಟೂರಿನಲ್ಲಿ ಎಮ್ಮೆ ಮೇವು ಬಿಟ್ಟರೆ ಏನು ಮಾಡಬೇಕು ಅಂತ ರಸ್ತೆಯಲ್ಲಿ ಹೋಗುವ ಯಾರನ್ನು ಕೇಳಿದರೂ ಹೇಳುತ್ತಾರೆ. ಕೇಳದಿದ್ದರೂ ಹೇಳುತ್ತಾರೆ. ಕುರಿ ಕೆಮ್ಮಿದರೆ ಯಾವ ಔಷಧಿ, ಎತ್ತು ಕುಂಟಿದರೆ ಯಾವ ಎಣ್ಣೆ, ಎಲ್ಲಕ್ಕೂ ಇಲ್ಲಿ ಉತ್ತರ ಇದೆ. ಬೆಕ್ಕಿಗೆ ಮಾತ್ರ ಇರಲಿಲ್ಲ. ಬೆಕ್ಕು ಕಾಯಿಲೆ ಬಿದ್ದರೆ ಎಲ್ಲಾದರೂ ದೂರ ಹೋಗಿ ಸಾಯುತ್ತದೆ, ಅದು ಅದರ ಪದ್ಧತಿ ಅಂತ ನಮ್ಮ ಅತ್ತೆ ಹೇಳುತ್ತಿದ್ದರು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಗಂಡ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್, ಎರಡು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ಮಗಳು ಮದುವೆಯಾಗಿ ಹಡಗಲಿಯಲ್ಲಿದ್ದಾಳೆ. ಹಾಗಾಗಿ ದಿನದ ಬಹುಪಾಲು ಮನೆಯಲ್ಲಿ ಇರುವವರು ನಾನು, ಅತ್ತೆ ಮತ್ತು ಬೆಕ್ಕು. ಹಳದಿ ಬಣ್ಣದ ಗಂಡು ಬೆಕ್ಕು. ನಾಲ್ಕು ವರ್ಷದ ಹಿಂದೆ ಒಂದು ಮಳೆಗೆ ಒಳಗೆ ಬಂದು, ಲೈನಿಂಗ್ ಬಟ್ಟೆಯ ತುಂಡು ಹಾಕುವ ಬುಟ್ಟಿಯಲ್ಲಿ ಮಲಗಿತು. ಮಳೆ ನಿಂತಿತು, ಅದು ಹೋಗಲಿಲ್ಲ. ಹೆಸರು ಇಡಲಿಲ್ಲ. ಅತ್ತೆ ಅದನ್ನು 'ಅದು' ಅಂತಲೇ ಕರೆಯುತ್ತಿದ್ದರು. "ಅದು ಉಂಡೈತೇನು?" ಅಂತ ದಿನಕ್ಕೆ ಮೂರು ಸಲ ಕೇಳುತ್ತಿದ್ದರು. ಬ್ಲೌಸ್ ಕೊಡಲು ಬಂದವರು ಯಾರಾದರೂ "ನಿಮ್ಮ ಬೆಕ್ಕು ಚಂದ ಐತ್ರಿ" ಅಂದರೆ, "ನಮ್ದಲ್ಲ, ಬರ್ತೈತಿ" ಅನ್ನುತ್ತಿದ್ದರು.

ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆಯೂ ಹೊಸ್ತಿಲು ದಾಟುವುದಿಲ್ಲ. ಬೆಕ್ಕು ಎರಡು ವರ್ಷ ಹಾಲು ಅನ್ನ ತಿಂದು ಬೆಳೆಯಿತು. ಆಮೇಲೆ ನನ್ನ ಗಂಡ ದಾವಣಗೆರೆಯಿಂದ ಬೆಕ್ಕಿಗೆಂದೇ ಮಾಡಿದ ಒಣ ಕಾಳಿನ ಚೀಲ ತಂದರು. ಅತ್ತೆ ಒಂದು ಕಾಳು ಹಿಡಿದು ನೋಡಿ, ಸಂಡಿಗೆ ಇದ್ದಂಗೈತಿ ಅಂದರು. ಚೀಲದ ಮೇಲೆ ಮೀನಿನ ಚಿತ್ರ ಇತ್ತು. ನಾನು ಕಾಳನ್ನು ಡಬ್ಬಿಗೆ ಸುರಿದು ಚೀಲವನ್ನು ನೀರೊಲೆಗೆ ಹಾಕಿದೆ.

ಒಂದು ಸೋಮವಾರ ಬೆಳಿಗ್ಗೆ ಬೆಕ್ಕು ಹಿತ್ತಲ ಮರಳಿನ ಗುಡ್ಡೆಗೆ ಹೋಗಿ ಕೂತಿತು. ಕೂತು, ಮುಖ ಗಂಭೀರ ಮಾಡಿಕೊಂಡು, ಏನೂ ಆಗದೆ ಎದ್ದು ಬಂತು. ಮತ್ತೆ ಹೋಯಿತು. ಮಧ್ಯಾಹ್ನದೊಳಗೆ ಹದಿನೈದು ಸಲವಾದರೂ ಹೋಗಿರಬೇಕು. ಅತ್ತೆ ಹೊಟ್ಟೆ ಕಟ್ಟಿದೆ ಅಂತ ತೀರ್ಮಾನಿಸಿ, ಬೆರಳಿನಲ್ಲಿ ಔಡಲೆಣ್ಣೆ ತೆಗೆದುಕೊಂಡು ಅದರ ಬಾಯಿಗೆ ಸವರಿದರು. ಮಂಗಳವಾರ ಬೆಳಿಗ್ಗೆ ಅದು ಊಟ ಬಿಟ್ಟಿತ್ತು. ಎತ್ತಿಕೊಳ್ಳಲು ಹೋದರೆ ನಾನು ಅದುವರೆಗೆ ಕೇಳದ ದನಿಯಲ್ಲಿ ಕೂಗಿತು.

ಬಟ್ಟೆ ತರುವ ಜಿಪ್ಪಿನ ಚೀಲದಲ್ಲಿ ಅದನ್ನು ಹಾಕಿಕೊಂಡು, ಮೂಗಿಗಷ್ಟು ಜಿಪ್ಪು ಬಿಟ್ಟು, ಊರಿನ ದನದ ಆಸ್ಪತ್ರೆಗೆ ನಡೆದೆ. ಡಾಕ್ಟರು ಕುರಿಗಳಿಗೆ ಲಸಿಕೆ ಹಾಕಲು ಹಳ್ಳಿಗಳ ಕಡೆ ಹೋಗಿದ್ದರು. ಅಲ್ಲಿದ್ದ ಸಿಬ್ಬಂದಿ ಕೇಳಿದ, "ಏನು ತಂದೀರಿ?"

"ಬೆಕ್ಕು."

ಅವನು ನನ್ನ ಹಿಂದೆ ನೋಡಿದ, ಹಿಂದೆ ಆಕಳು ಏನಾದರೂ ಇರಬಹುದು ಅನ್ನುವ ಹಾಗೆ. ಇರಲಿಲ್ಲ.

"ಡಾಕ್ಟ್ರು ಸಂಜಿಗೆ ಬರ್ತಾರ್ರಿ," ಅಂದ. ಆಮೇಲೆ ಚೀಲದೊಳಗಿನ ದನಿ ಕೇಳಿಸಿಕೊಂಡು, "ಸಂಜಿತನಕ ಕಾಯಬ್ಯಾಡ್ರಿ. ಹರಪನಹಳ್ಳಿಗೆ ಹೋಗ್ರಿ. ಅಲ್ಲೊಬ್ರು ಮೇಡಂ ಅದಾರ, ಬೆಕ್ಕು ಮುಟ್ತಾರ," ಅಂದ.

ಮನೆಗೆ ಬಂದು ಹೇಳುವಷ್ಟರಲ್ಲಿ ಅತ್ತೆ ಒಳ್ಳೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತರು. "ನಾನೂ ಬರ್ತೀನಿ. ಹೆಣ್ಮಗಳು ಒಬ್ಬಾಕಿನ ಅಷ್ಟು ದೂರ ಹೋಗಬಾರ್ದು." ಬಟ್ಟೆ ತರಲು ಇಪ್ಪತ್ತು ವರ್ಷದಿಂದ ನಾನು ಹರಪನಹಳ್ಳಿಗೆ ಒಬ್ಬಳೇ ಹೋಗಿ ಬರುತ್ತಿದ್ದೇನೆ. ಅದನ್ನು ನೆನಪಿಸಲಿಲ್ಲ.

ಬಸ್ಸಿನ ಕಂಡಕ್ಟರು ನನ್ನ ಗಂಡನಿಗೆ ಗೊತ್ತಿದ್ದವರೇ. "ಅಕ್ಕಾರ, ಚೀಲದಾಗ ಏನೈತ್ರಿ?" ಅಂತ ಕೇಳಿದರು.

"ಬಟ್ಟಿ," ಅಂದರು ಅತ್ತೆ.

ಚೀಲ ಕೂಗಿತು.

ಕಂಡಕ್ಟರು ಸ್ವಲ್ಪ ಹೊತ್ತು ಟಿಕೆಟ್ ಮಿಷನ್ನನ್ನೇ ನೋಡುತ್ತಾ ನಿಂತರು. "ಬಟ್ಟಿಗೆ ಟಿಕೆಟ್ ಇಲ್ರಿ," ಅಂದು ಮುಂದೆ ಹೋದರು. ಹತ್ತು ನಿಮಿಷದೊಳಗೆ ನನ್ನ ಗಂಡನ ಫೋನು ಬಂತು. ಅವರು ಆಗ ಹುಬ್ಬಳ್ಳಿ ಹತ್ತಿರ ಎಲ್ಲೋ ಇದ್ದರು. "ಬೆಕ್ಕು ತಗೊಂಡು ಹೊಂಟೀರಂತ?" ಅಂದರು. ಹೌದು ಅಂದೆ. "ಅವ್ವನೂ?" ಹೌದು ಅಂದೆ. ಅವರು ಫೋನು ಇಟ್ಟರು.

ಅರ್ಧ ದಾರಿಯವರೆಗೆ ಬೆಕ್ಕು ಒಂದೇ ಸಮ ಕೂಗಿತು. "ಅದರ ಬಾಯಿ ಮುಚ್ಚಿಸು, ಮಂದಿ ನೋಡಾಕತ್ತಾರ," ಅಂತ ಅತ್ತೆ ನನಗೆ ಹೇಳುತ್ತಲೇ ಇದ್ದರು. ಆಮೇಲೆ ಅದು ತಾನಾಗಿಯೇ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಅತ್ತೆ ಜಿಪ್ಪು ಸರಿಸಿ ಕೈ ಒಳಗೆ ಹಾಕಿದರು. ಹರಪನಹಳ್ಳಿ ಬಸ್ ನಿಲ್ದಾಣದವರೆಗೂ ಆ ಕೈ ಹೊರಗೆ ಬರಲಿಲ್ಲ. "ಬೆಚ್ಚಗೈತಿ," ಅನ್ನುತ್ತಿದ್ದರು ಆಗಾಗ, ಕಿಟಕಿಯ ಹೊರಗೆ ನೋಡುತ್ತಾ.

ಆಸ್ಪತ್ರೆಯ ಬೇವಿನ ಮರದ ಕೆಳಗೆ ಪಾಳಿ ಇತ್ತು. ಎರಡು ಎಮ್ಮೆ, ಒಂದು ಕರು, ಕೋಡು ಮುರಿದ ಒಂದು ಟಗರು. ಟಗರಿನ ಯಜಮಾನ ಹೆಗಲ ಮೇಲೆ ಕಂಬಳಿ ಹಾಕಿದ್ದ ಕುರಿಗಾರ, ಐವತ್ತೈದರ ಹತ್ತಿರದ ಮನುಷ್ಯ. ಹಿರೇಹಡಗಲಿ ಕಡೆಯವನಂತೆ, ಹಿಂಡು ಮೇಯಿಸುತ್ತಾ ಈ ಕಡೆ ಬಂದಿದ್ದ. ಚೀಲದ ಕಡೆ ಬಗ್ಗಿ ನೋಡಿದ.

"ಏನಾಗೈತವ್ವಾ?"

"ಹೊಟ್ಟಿ ಕಟ್ಟೈತಿ," ಅಂದರು ಅತ್ತೆ.

"ಗಂಡೇನು?"

"ಹೂಂ."

"ಮುಟ್ಲೇನು?" ಅಂದು, ಉತ್ತರಕ್ಕೆ ಕಾಯದೆ ಚೀಲದೊಳಗೆ ಕೈ ಬಿಟ್ಟು ಬೆಕ್ಕಿನ ಕೆಳಹೊಟ್ಟೆಯನ್ನು ಎರಡು ಬೆರಳಲ್ಲಿ ಮುಟ್ಟಿದ. ಬೆಕ್ಕು ಮುಲುಗಿತು. "ಇದು ಹೊಟ್ಟಿ ಅಲ್ಲವ್ವಾ. ಉಚ್ಚಿ ಕಟ್ಟೈತಿ. ಲಿಂಬಿಕಾಯಿ ಆದಂಗ ಆಗೈತಿ ನೋಡು. ನಮ್ಮ ಟಗರಿಗೂ ಹಿಂಗ ಆಕೈತಿ. ಹೆಣ್ಣಿಗೆ ಬರೂದು ಕಡಿಮಿ, ಗಂಡಿಗೇ ಬರೂದು."

"ಕಟ್ಟಿದ್ರ ಏನಾಕೈತಿ?"

"ಬಿಡ್ಲಿಲ್ಲಾಂದ್ರ ಸಾಯ್ತೈತಿ."

ಬಸ್ಸು ಎಷ್ಟು ಗಂಟೆಗೆ ಅಂತ ಹೇಳುವ ದನಿಯಲ್ಲಿ ಹೇಳಿದ. ಕುರಿಗಾರ ಎದ್ದು ಬಾಗಿಲ ಹತ್ತಿರ ಹೋಗಿ ಒಳಗೆ ಕೂಗಿದ, "ಮೇಡಮ್ಮಾರ, ನನ್ನ ಟಗರು ನಿಲ್ತೈತಿ. ಇಲ್ಲೊಂದು ಬೆಕ್ಕು ಬಂದೈತಿ, ಅದು ನಿಲ್ಲಂಗಿಲ್ಲ."

ಎಮ್ಮೆಯವನೊಬ್ಬ, "ಬೆಕ್ಕಿಗೆ ನಾವು ಪಾಳಿ ಬಿಡಬೇಕೇನು?" ಅಂದ.

"ನಿನ್ನ ಎಮ್ಮಿ ನೋಡು," ಅಂದ ಕುರಿಗಾರ.

ಎಲ್ಲರೂ ನೋಡಿದೆವು. ಎಮ್ಮೆ ಉಚ್ಚೆ ಹೊಯ್ಯುತ್ತಿತ್ತು. ಬಹಳ ಹೊತ್ತು ಹೊಯ್ದಿತು. ಇನ್ನೊಬ್ಬರ ಬಂಗಾರಕ್ಕೂ ಅತ್ತೆ ಅಷ್ಟು ಹೊಟ್ಟೆಕಿಚ್ಚು ಪಟ್ಟಿದ್ದನ್ನು ನಾನು ನೋಡಿಲ್ಲ. ಎಮ್ಮೆಯವನು ಹಗ್ಗ ಹಿಡಿದು ಎಮ್ಮೆಯನ್ನು ಪಕ್ಕಕ್ಕೆ ಎಳೆದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಈ ಕಡೆಯವರಲ್ಲ. ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ್ದರು. ಬೆಕ್ಕನ್ನು ಮೇಜಿನ ಮೇಲೆ ಇಟ್ಟು ಹೊಟ್ಟೆ ಮುಟ್ಟಿ ನೋಡಿದರು. ಕುರಿಗಾರ ಹೇಳಿದ್ದನ್ನೇ ಹೇಳಿದರು.

"ಏನಾದರೂ ಕೊಟ್ಟಿದ್ದೀರಾ?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆಯ ಮೇಲಿದ್ದ ಹೋರಿಯ ಚಿತ್ರ ನೋಡಿದರು. "ಔಡಲೆಣ್ಣಿ," ಅಂದರು.

ಡಾಕ್ಟರಮ್ಮ ಕಪಾಟು ತೆರೆದು ಹುಡುಕಿದರು. ಬೆಕ್ಕಿಗೆ ಹಾಕುವ ಸಣ್ಣ ನಳಿಕೆ ತಮ್ಮ ಬಳಿ ಇಲ್ಲ ಅಂತ ಹೇಳಿ, ಇರುವುದನ್ನು ತೋರಿಸಿದರು. ದನಕ್ಕೆ ಹಾಕುವಂಥದ್ದು, ನನ್ನ ಕಿರುಬೆರಳಿನ ದಪ್ಪ ಇತ್ತು. "ದಾವಣಗೆರೆಗೆ ಹೋದರೆ ಸಿಗುತ್ತೆ. ಆದರೆ ಅಷ್ಟು ಹೊತ್ತು ಇದು ತಡೆಯುತ್ತೆ ಅಂತ ನಾನು ಹೇಳಲ್ಲ. ಹಸುಗೂಸಿಗೆ ಸಲೈನ್ ಹಾಕೋ ಸೂಜಿ ಇರುತ್ತಲ್ಲ, ಅದರ ಮೇಲಿನ ಪ್ಲಾಸ್ಟಿಕ್ ಕೊಳವೆಯಿಂದ ಬಿಡಿಸಬಹುದು. ಎರಡು ಸಲ ಮಾಡಿದ್ದೀನಿ. ಒಂದು ಬೆಕ್ಕು ಬದುಕಿತು."

"ಇನ್ನೊಂದು?" ಅಂದರು ಅತ್ತೆ.

"ಅದು ತಡವಾಗಿ ಬಂತು."

"ಇದು?"

"ಇದಿನ್ನೂ ಉಸಿರಾಡ್ತಿದೆ. ಮಾಲೀಕರು ಯಾರು? ಒಪ್ಪಿಗೆ ಬರೆಸ್ಕೋಬೇಕು."

ನಾನು ಬಾಯಿ ತೆರೆಯುವ ಮೊದಲು ಅತ್ತೆ ತಮ್ಮ ಹೆಸರು ಹೇಳಿದರು. ಗಂಡನ ಹೆಸರು, ಮನೆತನದ ಹೆಸರು, ಊರು ಎಲ್ಲ ಸೇರಿಸಿ ಹೇಳಿದರು. ಬೇಡ ಅಂದರೂ ವಯಸ್ಸು ಹೇಳಿದರು. ಆಮೇಲೆ ಹೆಬ್ಬೆಟ್ಟು ಮುಂದೆ ಮಾಡಿದರು. ಅವರಿಗೆ ಸಹಿ ಮಾಡಲು ಬರುತ್ತದೆ, ಆವತ್ತು ಕೈ ನಡುಗುತ್ತಿತ್ತು.

ನಾನು ಎದುರಿನ ಔಷಧಿ ಅಂಗಡಿಗೆ ಓಡಿದೆ. ಚೀಟಿ ನೋಡಿದ ಅಂಗಡಿಯವನು, "ಕೂಸಿಗೆ ಎಷ್ಟು ತಿಂಗಳ್ರಿ?" ಅಂದ.

"ನಾಕು ವರ್ಷ."

"ಹಂಗಾದ್ರ ಸ್ವಲ್ಪ ದೊಡ್ಡದು ಬೇಕಾಗ್ತತಲ್ರಿ?"

"ಬ್ಯಾಡ್ರಿ, ಭಾಳ ಸಣ್ಣ ಕೂಸು," ಅಂದೆ. ಅವನು ಮರುಕದಿಂದ ನೋಡಿ ಕೊಟ್ಟ.

ಮಂಪರಿನ ಇಂಜೆಕ್ಷನ್ ಕೊಟ್ಟ ಮೇಲೂ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಕುರಿಗಾರ ಟಗರನ್ನು ಬೇವಿನ ಮರಕ್ಕೆ ಕಟ್ಟಿ ಬಂದು, ಬೆಕ್ಕನ್ನು ತನ್ನ ಕಂಬಳಿಯಲ್ಲಿ ಸುತ್ತಿ ಹಿಡಿದ. ನಾನು ಮೊಬೈಲಿನ ಬೆಳಕು ಹಿಡಿದೆ. ಅತ್ತೆ ಹೊರಗೆ ನಿಂತರು, ಬಾಗಿಲಿಗೆ ಬೆನ್ನು ಮಾಡಿ, ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಮೊದಲ ಸಲ ಕೊಳವೆ ಹೋಗಲಿಲ್ಲ. ಎರಡನೇ ಸಲ ಹೋಗಿ ತಡೆದು ನಿಂತಿತು. ಡಾಕ್ಟರಮ್ಮ ಮುಂಗೈಯಿಂದ ಹಣೆ ಒರೆಸಿಕೊಂಡು, ಸಿರಿಂಜಿನಲ್ಲಿ ಸಲೈನ್ ತುಂಬಿ, ನಿಧಾನವಾಗಿ ಒತ್ತಿ ಒತ್ತಿ ಬಿಟ್ಟರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ನನ್ನ ಕೈಯಲ್ಲಿದ್ದ ಬೆಳಕು ಅಲ್ಲಾಡುತ್ತಿತ್ತು, ಅವರು ಎರಡು ಸಲ ಬೈದರು. ಆಮೇಲೆ ಮರಳಿನಂಥ ಏನೋ ಬಂತು. ಅದರ ಹಿಂದೆಯೇ ಕೆಂಪು ಬೆರೆತ ಉಚ್ಚೆ, ಟ್ರೇ ತುಂಬಿ, ಮೇಜಿನ ಮೇಲೆ ಹರಿದು, ಕಂಬಳಿಗೂ ಆಯಿತು.

"ಬಂತು," ಅಂದ ಕುರಿಗಾರ.

"ಬಂತೇನು?" ಹೊರಗಿಂದ ಅತ್ತೆ ಕೇಳಿದರು.

"ಬಂತವ್ವಾ."

"ಎಷ್ಟು?"

"ಭಾಳ."

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತರು, ಇಳಕಲ್ ಸೀರೆಯ ಪರಿವೆ ಇಲ್ಲದೆ. ನಾನು ಕಂಬಳಿ ತೊಳೆದುಕೊಡುತ್ತೇನೆ ಅಂದರೆ ಕುರಿಗಾರ ಕೇಳಲಿಲ್ಲ. ಕುರಿಗಾರನ ಕಂಬಳಿಗೆ ಇದೇನು ಹೊಸದಲ್ಲ ಅಂದ. ತನ್ನ ಟಗರಿನ ಕೋಡಿಗೆ ಔಷಧಿ ಹಚ್ಚಿಸಿಕೊಂಡು, ಎಮ್ಮೆಯವನ ಹತ್ತಿರ ಬೀಡಿಗೆ ಬೆಂಕಿ ಕೇಳಿ ಹೊರಟುಹೋದ.

ಕೊಳವೆ ತೆಗೆಯುವವರೆಗೆ, ಆಮೇಲೆ ಬೆಕ್ಕಿಗೆ ಎಚ್ಚರ ಆಗುವವರೆಗೆ ನಾವು ಅಲ್ಲೇ ಕಾದೆವು. ಡಾಕ್ಟರಮ್ಮ ಮೂರು ದಿನ ಬಂದು ತೋರಿಸಿ ಅಂದರು. ಏನು ತಿನ್ನಿಸುತ್ತೀರಿ ಅಂತ ಕೇಳಿದರು. ಒಣ ಕಾಳು ಅಂದೆ.

"ಅದೊಂದೇ ತಿಂದು ನೀರು ಕುಡಿಯೋದು ಕಡಿಮೆ ಆಗಿರುತ್ತೆ. ಹಸಿಯಾಗಿರೋದು ಕೊಡಿ. ಪೊಟ್ಟಣದಲ್ಲಿ ಬರುತ್ತೆ, ಕೋಳಿದು, ಮೀನಿಂದು. ನೀರು ಬೆರೆಸಿ."

"ನಮ್ಮ ಮನ್ಯಾಗ ಅದೆಲ್ಲ ಬರಂಗಿಲ್ರಿ," ಅಂದರು ಅತ್ತೆ.

"ನಿಮಗಲ್ಲ ಅಜ್ಜಿ. ಬೆಕ್ಕಿಗೆ ಹೇಳಿದ್ದು. ಈ ಒಣ ಕಾಳಲ್ಲೂ ಇರೋದು ಮೀನು, ಕೋಳಿನೇ."

ಈ ಸಲ ಹೋರಿಯ ಚಿತ್ರ ನೋಡುವ ಸರದಿ ನನ್ನದಾಯಿತು. ಅತ್ತೆ ನನ್ನನ್ನು ನೋಡಿದರು. ಬಸ್ಸು ಊರು ತಲುಪುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಚೀಲವನ್ನು ಮಾತ್ರ ತಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮನೆಯ ಬೀಗ ತೆಗೆಯುವಾಗ, "ಎರಡು ವರ್ಷ," ಅಂದರು. ಅಷ್ಟೇ. ಆ ಡಬ್ಬಿಯನ್ನು ಹಿತ್ತಲಿಗೆ ಸಾಗಿಸಿ, ಅದು ಇದ್ದ ಕಪಾಟನ್ನು ಮೂರು ಸಲ ತೊಳೆಸಿದರು.

ಪೊಟ್ಟಣದ ವ್ಯವಹಾರ ಒಗೆಯುವ ಕಲ್ಲಿನ ಆಚೆ ನಡೆಯಬೇಕು ಅಂತ ಆಯಿತು. ಅದಕ್ಕೆ ಬೇರೆ ಚಮಚ, ಬೇರೆ ತಟ್ಟೆ. ಮಾಡಬೇಕಾದವಳು ನಾನು. ಒಂದು ತಿಂಗಳು ಹಾಗೇ ನಡೆಯಿತು. ಮದುವೆ ಸೀಜನ್ನಿನಲ್ಲಿ ಒಂದು ಮಧ್ಯಾಹ್ನ ನಾನು ಮಿಷನ್ ಬಿಟ್ಟು ಏಳಲಾಗದೆ ಕೂತಿದ್ದಾಗ ಕಿಟಕಿಯಿಂದ ನೋಡಿದರೆ, ಅತ್ತೆ ಮೂಗಿಗೆ ಸೆರಗು ಸುತ್ತಿಕೊಂಡು, ತೋಳು ಪೂರ್ತಿ ಚಾಚಿ, ಬಾವಿಯಲ್ಲಿ ಬಿದ್ದ ಕೊಡ ಎತ್ತುವವರ ಹಾಗೆ ತಟ್ಟೆಯಲ್ಲಿ ಚಮಚ ತಿರುಗಿಸುತ್ತಿದ್ದರು. ಆಮೇಲೆ ಸ್ನಾನ ಮಾಡಿದರು. ಆವತ್ತಿನಿಂದ ಅವರಿಗೆ ದಿನಕ್ಕೆ ಎರಡು ಸ್ನಾನ. ನಾನು ಅದನ್ನು ಕಂಡೇ ಇಲ್ಲ ಅನ್ನುವ ಹಾಗೆ ಇಬ್ಬರೂ ನಡೆದುಕೊಳ್ಳುತ್ತೇವೆ.

ಏಳೆಂಟು ತಿಂಗಳಿಗೆ ಮತ್ತೆ ಕಟ್ಟಿತು. ಹೀಗಾಗಬಹುದು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ಈ ಸಲ ಬೆಳಿಗ್ಗೆ ಎಂಟಕ್ಕೇ ಅತ್ತೆ ಕಂಡುಹಿಡಿದರು, ಏಕೆಂದರೆ ಅವರು ದಿನಾ ಮರಳಿನ ಗುಡ್ಡೆಯಲ್ಲಿ ಒದ್ದೆ ಇದೆಯೋ ಇಲ್ಲವೋ ಅಂತ ಕೋಲಿನಿಂದ ಕೆದಕಿ ನೋಡುತ್ತಿದ್ದರು. ಅದೃಷ್ಟಕ್ಕೆ ಕೊಟ್ಟೂರಿನ ಡಾಕ್ಟರು ಊರಲ್ಲೇ ಇದ್ದರು. ಬೆಕ್ಕಿಗೆ ಇದನ್ನು ಮಾಡಿಲ್ಲ ಅಂತ ಒಪ್ಪಿಕೊಂಡು, ಹರಪನಹಳ್ಳಿಗೆ ವಿಡಿಯೋ ಕರೆ ಮಾಡಿ, ಡಾಕ್ಟರಮ್ಮ ಹೇಳಿದ ಹಾಗೆ ಮಾಡಿದರು. ಈ ಸಲ ಫೋನು ಹಿಡಿದವರು ಅತ್ತೆ. ಅವರ ಕೈ ಅಲ್ಲಾಡಲಿಲ್ಲ. ಮೊದಲನೇ ಸಲಕ್ಕೇ ಬಂತು.

ಅದಾದ ಮೇಲೆ ಡಾಕ್ಟರಮ್ಮ ಬೆಕ್ಕಿನ ಉಚ್ಚೆಯನ್ನು ಪರೀಕ್ಷೆಗೆ ತನ್ನಿ ಅಂದರು. ಬೆಕ್ಕು ಕೇಳಿದಾಗ ಕೊಡುವ ಪ್ರಾಣಿಯಲ್ಲ. ಮೂರು ದಿನ ಬೆಳಿಗ್ಗೆ ಅತ್ತೆ ಸಾರಿನ ಹಳೇ ಸೌಟು ಹಿಡಿದು ಹಿತ್ತಲಲ್ಲಿ ಅದರ ಹಿಂದೆ ಹಿಂದೆ ನಡೆದರು. ಅದು ನಿಂತರೆ ನಿಲ್ಲುತ್ತಿದ್ದರು, ತಿರುಗಿ ನೋಡಿದರೆ ಆಕಾಶ ನೋಡುತ್ತಿದ್ದರು. ನಾಲ್ಕನೇ ದಿನ ಸೌಟಿನಲ್ಲಿ ಸ್ವಲ್ಪ ಸಿಕ್ಕಿತು. ಅದನ್ನು ಸಣ್ಣ ಬಾಟಲಿಗೆ ತುಂಬಿ, ಇಬ್ಬರೂ ಬಸ್ಸು ಹತ್ತಿದೆವು.

ಡಾಕ್ಟರಮ್ಮ ನೋಡಿ, "ಪರವಾಗಿಲ್ಲ, ಚೆನ್ನಾಗಿದೆ," ಅಂದರು.

"ಅದನ್ನ ಕಾಗದದಾಗ ಬರ್ದು ಕೊಡ್ರಿ," ಅಂದರು ಅತ್ತೆ. "ನನ್ನ ಹೆಸರಿಗೆ."