ಭರತನಾಟ್ಯಕ್ಕೆ ಮಂದಿ ಕರೆಯುವ ತಾರವ್ವ

ಬನಹಟ್ಟಿಯ ಓಣಿಯಲ್ಲಿ ಬೆಳಗಿನ ಐದೂವರೆ. ಆರಕ್ಕೆ ಕರೆಂಟು ಬಂತೆಂದರೆ ಮನೆಮನೆಯ ಮಗ್ಗವೂ ಶುರು. ಆಮೇಲೆ ಬಾಗಿಲಲ್ಲಿ ನಿಂತು ಲಬೋಲಬೋ ಎಂದು ಬಾಯಿ ಬಡಿದುಕೊಂಡರೂ ಒಳಗಿನವರಿಗೆ ಕೇಳುವುದಿಲ್ಲ. ಅದಕ್ಕೇ ತಾರವ್ವ ಈ ಅರ್ಧ ತಾಸಿನಲ್ಲೇ ಓಡಾಡುತ್ತಾರೆ. ಕೈಯಲ್ಲಿ ಕುಂಕುಮದ ಬಟ್ಟಲು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ, ಮುಖದಲ್ಲಿ ಯಾರನ್ನೋ ಬೈಯಲು ಹೊರಟ ಕಳೆ.

ಕದ ತೆರೆದ ಹೆಂಗಸು ನಿದ್ದೆಗಣ್ಣಲ್ಲೇ ಹಣೆ ಮುಂದೆ ಮಾಡುತ್ತಾಳೆ. ಕುಂಕುಮ ಹಚ್ಚಿಸಿಕೊಂಡ ಮೇಲೆ, "ಯಾರ ಮನಿ ಲಗ್ನ ಬೇ?" ಎನ್ನುತ್ತಾಳೆ.

"ಲಗ್ನ ಅಲ್ಲವಾ, ಡ್ಯಾನ್ಸು. ಭರತನಾಟ್ಯ. ಐತವಾರ ನಾಕಕ್ಕ, ನೇಕಾರರ ಭವನದಾಗ."

"ಊಟ ಐತೇನು?"

ತಾರವ್ವ ಕಣ್ಣು ಮುಚ್ಚಿ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಇದು ಇವತ್ತಿನ ಹನ್ನೊಂದನೇ ಬಾಗಿಲು, ಎಂಟು ಬಾಗಿಲಲ್ಲಿ ಇದೇ ಪ್ರಶ್ನೆ. "ಊಟ ನಿನ್ನ ಮನ್ಯಾಗ ಉಂಡು ಬಾ. ಕಣ್ಣಿದ್ದಾವಲ್ಲ, ಅವನ್ನ ತಗೊಂಡು ಬಾ" ಎಂದು ಮುಂದಿನ ಮನೆಗೆ ನಡೆಯುತ್ತಾರೆ.

ಇವರಿಗೆ ಐವತ್ತಾರು ವರ್ಷ. ಮೂವತ್ತು ವರ್ಷದಿಂದ ಮನೆಯಲ್ಲಿ ಕುಳಿತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಾರೆ. ಸಂಜೆ ನೇಕಾರರ ಭವನದ ಕಸ ಹೊಡೆದು ಜಮಖಾನ ಹಾಸುತ್ತಾರೆ. ನಾಟ್ಯಕ್ಕೂ ಇವರಿಗೂ ಇರುವ ಸಂಬಂಧ ಆ ಜಮಖಾನದ್ದೇ. ತೇರದಾಳದ ಭಕ್ತಿ ಎಂಬ ಯುವತಿ ಧಾರವಾಡದಲ್ಲಿ ಭರತನಾಟ್ಯ ಕಲಿತು ಬಂದು, 2006ರಿಂದ ಈ ಭವನದಲ್ಲೇ ಹುಡುಗಿಯರಿಗೆ ಹೇಳಿಕೊಡುತ್ತಿದ್ದಾರೆ. ಈಗ ಇಪ್ಪತ್ತೆರಡು ಹುಡುಗಿಯರಿದ್ದಾರೆ.

ಭಕ್ತಿ ಇಲ್ಲಿ ಮೊದಲ ಕಾರ್ಯಕ್ರಮ ಕೊಟ್ಟದ್ದು 2009ರಲ್ಲಿ. ಇನ್ನೂರು ಕುರ್ಚಿಗೆ ಬಂದವರು ಹತ್ತೊಂಬತ್ತು ಜನ! ಅವರಲ್ಲಿ ಹದಿನಾಲ್ಕು ಜನ ಹುಡುಗಿಯರ ಅಪ್ಪ ಅವ್ವ. ನಾಲ್ವರು ಕುರ್ಚಿ ವಾಪಸ್ ಒಯ್ಯಲು ಬಂದವರು. ಉಳಿದೊಬ್ಬರು ತಾರವ್ವ.

"ಆ ಹುಡುಗಿ ಎರಡು ತಾಸು ಕುಣದ್ಲರಿ. ಕಡೀಕ ಖಾಲಿ ಕುರ್ಚಿಗೆ ಕೈ ಮುಗದ್ಲು. ಊರಾಗಿನ ಮಂದಿಗೆಲ್ಲಾ ಏನು ಧಾಡಿ ಆಗೈತಿ ಅಂತ ಬೈಕೋತ ಮನೀಗೆ ಬಂದೆ" ಎನ್ನುತ್ತಾರೆ ತಾರವ್ವ. ಆ ಸಿಟ್ಟು ಇನ್ನೂ ಆರಿಲ್ಲ, ಹೇಳುವಾಗ ಕಂಡಿಕೆಯ ನೂಲು ಪಟ್ಟನೆ ಹರಿಯುತ್ತದೆ.

ಮರುವರ್ಷ ಭಕ್ತಿ ಗೋಡೆಗೆ ಪೋಸ್ಟರ್ ಅಂಟಿಸಿದರು, ಆಟೋಕ್ಕೆ ಮೈಕು ಕಟ್ಟಿಸಿದರು. ಬಂದವರು ಇಪ್ಪತ್ತಾರು. ಮಂದಿ ಏಕೆ ಬರುವುದಿಲ್ಲ ಎಂದು ತಾರವ್ವನನ್ನು ಯಾರೂ ಕೇಳಲಿಲ್ಲ, ಆದರೆ ಉತ್ತರ ಗೊತ್ತಿದ್ದದ್ದು ಅವರೊಬ್ಬರಿಗೇ. "ಕಾಗದ ಹಚ್ಚಿದ್ರ ಕರದಂಗ ಆಗೂದಿಲ್ಲರಿ. ಬಾಗಲಿಗೆ ಬಂದು, ಕುಂಕುಮ ಹಚ್ಚಿ, ಹೆಸರು ಹಿಡದು ಬಾ ಅನ್ನಬೇಕು. ಹಂಗ ಕರದಿಲ್ಲಂದ್ರ ನಮ್ಮ ಮಂದಿ ಒಡಹುಟ್ಟಿದಾಕಿ ಮನೀಗೂ ಹೋಗೂದಿಲ್ಲ."

ಹಾಗಾಗಿ 2011ರಲ್ಲಿ ತಾವೇ ಬಟ್ಟಲು ಹಿಡಿದು ಹೊರಟರು. ದಿನಕ್ಕೆ ಇಪ್ಪತ್ತು ಬಾಗಿಲು, ಆರು ದಿನ. ಭಕ್ತಿಯ ಕಾರ್ಯಕ್ರಮ ಮುಧೋಳದಲ್ಲೋ ಜಮಖಂಡಿಯಲ್ಲೋ ಇದ್ದರೆ ಬಸ್ಸು ಹತ್ತಿ ಅಲ್ಲಿಗೂ ಹೋದರು. ಅಣೆಕಟ್ಟಿನ ನೀರಲ್ಲಿ ಊರು ಮುಳುಗಿದವರಿಗೆ ಬೀಳಗಿ ಕಡೆ ಕಟ್ಟಿಕೊಟ್ಟ ಹೊಸ ಊರುಗಳಿಗೂ ಒಮ್ಮೆ ಹೋಗಿ ಕೈ ಸೋತು ಬಂದರು. "ಹೆಸರು ಹೇಳಿದ್ರ ಪ್ಲಾಟ್ ನಂಬರ ಕೇಳ್ತಾರರಿ ಅಲ್ಲಿ. ನಂಬರ ಇಟಗೊಂಡು ನಾ ಯಾರನ್ನ ಕರೀಲಿ?"

ಆ ವರ್ಷ ಬನಹಟ್ಟಿಯ ಭವನ ತುಂಬಿತು, ಹೊರಗೂ ನಿಂತರು. ಬಾಗಿಲಲ್ಲಿ ನಿಂತ ತಾರವ್ವನಿಗೆ ಮಂದಿಯ ನಡುವೆ ನೆಲವೇ ಕಾಣಲಿಲ್ಲ. ಆದರೆ ಅವರು ಒಂದು ಸಂಗತಿ ಮರೆತಿದ್ದರು. ಕುಂಕುಮ ಹಚ್ಚಿ ಕರೆದರೆ ಈ ಕಡೆಯ ಹೆಂಗಸರು ಬರಿಗೈಲಿ ಬರುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಜಂಪರ್ ಪೀಸು ಹಿಡಿದು, ಕರೆದ ಮನೆಯ ಹೆಣ್ಣಿನ ಮಡಿಲಿಗೆ ಉಡಿ ತುಂಬಲು ಬರುತ್ತಾರೆ. ವೇದಿಕೆಯ ಮೇಲೆ ಭಕ್ತಿ ಮೈತುಂಬ ಆಭರಣ ತೊಟ್ಟು, ಮುಡಿತುಂಬ ಹೂ ಮುಡಿದು ಮದುವಣಗಿತ್ತಿಯಂತೆ ನಿಂತಿದ್ದರು. ಇನ್ನೇನು ಬೇಕು?

ಇನಿಯನಿಗಾಗಿ ಕಾಯುವ ನಾಯಕಿಯಾಗಿ ಭಕ್ತಿ ಅಭಿನಯಿಸುತ್ತಿದ್ದಾಗ, ಸಾವಳಗಿಯ ಮುತ್ತವ್ವ ಸೀದಾ ಮೆಟ್ಟಿಲು ಹತ್ತಿದಳು. "ತಡಿಯವಾ, ಬಸ್ಸಿಗೆ ಹೊತ್ತಾತು" ಎಂದು ಕುಣಿಯುವವಳನ್ನು ನಿಲ್ಲಿಸಿ ಉಡಿ ತುಂಬಿ, ಹಣೆಗೆ ಕುಂಕುಮವಿಟ್ಟು ಇಳಿದಳು. ಅವಳ ಹಿಂದೆ ಸಾಲೇ ಎದ್ದು ಬಂತು. ತುಂಬಿದವರು ತುಂಬಿದಂತೆ ಮನೆಗೆ ಹೋದರು, ಬಂದ ಕೆಲಸ ಮುಗಿಯಿತಲ್ಲ! ವೇದಿಕೆಯ ತುಂಬ ಅಕ್ಕಿ. ಕುಣಿತ ಮುಂದುವರಿಸಲು ಹೋದ ಭಕ್ತಿ ಕಾಳಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಪಾದ ಉಳುಕಿ ಎರಡು ತಿಂಗಳು ಗೆಜ್ಜೆ ಕಟ್ಟಲಾಗಲಿಲ್ಲ.

"ನನ್ನ ತಪ್ಪರಿ. ಮಂದಿ ಕರದವಳು ನಾನ. ಬಂದು ಏನು ಮಾಡಬೇಕು ಅಂತ ಹೇಳಾಕ ಮರತಾಕೀನೂ ನಾನ" ಎಂದು ತಾರವ್ವ ಹಣೆ ಬಡಿದುಕೊಳ್ಳುತ್ತಾರೆ.

ಮರುವರ್ಷ ಭಕ್ತಿ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಲಿಲ್ಲ. ಈ ವರ್ಷ ಧಾರವಾಡದ ಶಾಲೆಯೊಂದು ಅವರನ್ನು ಕೆಲಸಕ್ಕೆ ಕರೆದಿದೆ. "ಇದೊಂದು ಸಲ ನೋಡತೀನ್ರಿ ತಾರವ್ವ. ಕಡೀತನಕ ಯಾರೂ ಕುಂದ್ರಲಿಲ್ಲಂದ್ರ ನಾ ಹೋಗತೀನಿ. ಖಾಲಿ ಕುರ್ಚಿ ನೋಡಿ ಈ ಹುಡುಗ್ಯಾರು ಏನು ಕಲೀಬೇಕು?" ಎಂದಿದ್ದಾರೆ. ಅವರು ಹೋದರೆ ಇಪ್ಪತ್ತೆರಡು ಹುಡುಗಿಯರ ಕ್ಲಾಸು ಮುಚ್ಚುತ್ತದೆ. ತಾರವ್ವನಿಗೆ ಆರು ದಿನದಿಂದ ಅನ್ನ ರುಚಿಸಿಲ್ಲ.

ಆದರೂ ಬಟ್ಟಲು ಬಿಟ್ಟಿಲ್ಲ. ಈ ಸಲ ಪ್ರತಿ ಬಾಗಿಲಲ್ಲೂ ಒಂದು ಕರಾರು ಹಾಕುತ್ತಾರೆ. "ಉಡಿ ತರೂದಿದ್ರ ತಾ. ಆದ್ರ ಕುಣಿಯೂದು ಪೂರಾ ಮುಗದ ಮ್ಯಾಲ ತುಂಬೂದು. ನಡಕ ಎದ್ದೀಯಂದ್ರ ನಾ ನಿನ್ನ ಜೋಡಿ ಮಾತ ಆಡೂದಿಲ್ಲ." ತಂದ ಉಡಿಯನ್ನು ತುಂಬದೆ ಮನೆಗೆ ಒಯ್ಯುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ ಎಂಬುದು ಅವರ ಲೆಕ್ಕ. ಉಡಿಯ ಸಹವಾಸವೇ ಬೇಡ ಎಂದು ಭಕ್ತಿ ತಲೆ ಚಚ್ಚಿಕೊಂಡರೂ ಕೇಳಿಲ್ಲ.

ನಾಲ್ಕು ಮಗ್ಗದ ಮಾಲೀಕ ಅಪ್ಪಾಸಾಬ ಹಲ್ಲುಜ್ಜುತ್ತಲೇ ತಕರಾರು ತೆಗೆಯುತ್ತಾನೆ. "ಟಿವಿಯಾಗ ದಿನಾ ಬರತೈತಲ್ಲ ತಾರವ್ವ, ಅಲ್ಲಿಗ್ಯಾಕ ಬರಬೇಕು?"

"ಲೇ ಅಪ್ಪಾಸಾಬ, ಮಗ್ಗ ಹತ್ತಿದ್ರ ನಿನ್ನ ಅಂಗಾಲಿಗೆ ತಿಳಿತೈತೋ ಇಲ್ಲೋ? ಹಂಗ ಆಕಿ ಹೆಜ್ಜಿ ಹಾಕಿದ್ರ ಮುಂದ ಕುಂತವರ ಕಾಲಿಗೆ ತಿಳಿತೈತಿ. ನಿನ್ನ ಟಿವಿ ನೆಲ ನಡಗಸತೈತೇನು? ಬಾ, ಹೇಂತೀನೂ ಕರಕೊಂಡು ಬಾ."

ಭಾನುವಾರ. ಮಗ್ಗಗಳಿಗೆ ರಜೆ. ಮೂರೂವರೆಗೆ ಭವನದಲ್ಲಿ ಎಪ್ಪತ್ತು ಜನ, ನಾಲ್ಕಕ್ಕೆ ನೂರ ಅರವತ್ತು. ಹೆಂಗಸರೆಲ್ಲ ಮಡಿಲಲ್ಲಿ ಅಕ್ಕಿ, ಕೊಬ್ಬರಿ ಇಟ್ಟುಕೊಂಡು ಮುಖ ಗಂಟಿಕ್ಕಿ ಕುಳಿತಿದ್ದಾರೆ. ಮುತ್ತವ್ವ ಮೂರು ಸಲ ಎದ್ದಳು, ಮೂರು ಸಲವೂ ತಾರವ್ವ ನಡುದಾರಿಯಲ್ಲಿ ಅಡ್ಡ ನಿಂತು ಕಣ್ಣು ಬಿಟ್ಟು ಕೂರಿಸಿದರು. "ಬಸ್ಸು ಹೋಗತೈತಿ ಬೇ" ಎಂದರೆ, "ಹೋಗಲಿ, ನಮ್ಮನ್ಯಾಗ ಇರು" ಎಂಬ ಉತ್ತರ. ಪುಟ್ಟ ಹುಡುಗಿಯರು ಕುಣಿದು ಇಳಿದರು. ಭಕ್ತಿ ಬಂದರು.

ಅರ್ಧ ತಾಸು ಪಿಸಪಿಸ ನಡೆದೇ ಇತ್ತು. ಆಮೇಲೆ ಭಕ್ತಿ ಕೂಸನ್ನು ಹುಡುಕುವ ತಾಯಿಯಾದರು. ಮೂಲೆಮೂಲೆ ನೋಡಿದರು, ನೆರೆಮನೆಗೆ ಓಡಿದರು, ಬಾವಿಗೆ ಬಗ್ಗಿ ಕೂಗಿದರು. ಭವನದಲ್ಲಿ ಮಾತು ನಿಂತಿತು. ಯಾರೋ ಹೆಂಗಸು "ಅಯ್ಯ ಶಿವನ, ಬಾವ್ಯಾಗ ಬ್ಯಾಡೋ" ಎಂದು ಜೋರಾಗಿಯೇ ಅಂದಳು.

ತಾರವ್ವನ ಬೆನ್ನು ವೇದಿಕೆಯ ಕಡೆಗಿದೆ. ಅವರು ನೋಡುತ್ತಿರುವುದು ಮಂದಿಯನ್ನು, ಯಾರು ಏಳುತ್ತಾರೆ, ಯಾರು ಚಪ್ಪಲಿ ಹುಡುಕುತ್ತಾರೆ ಎಂದು. ಅಷ್ಟರಲ್ಲಿ ಮೂರನೇ ಸಾಲಿನಿಂದ ಒಂದು ಗದರಿಕೆ ಬಂತು. ಬಾಡಗಂಡಿಯಿಂದ ತಂಗಿಯ ಮನೆಗೆ ಬಂದಿದ್ದ, ಕುರಿ ಕಾಯುವ ಮನೆತನದ ಯಲ್ಲಕ್ಕ, ಜನ್ಮದಲ್ಲೇ ಭರತನಾಟ್ಯ ಕಾಣದವಳು, ಕೈ ಬೀಸಿ ಬೈಯುತ್ತಿದ್ದಾಳೆ.

"ಏ ತಾರವ್ವ! ಏನು ಕಂಬ ನಿಂತಂಗ ನಿಂತೀಯಬೇ ನಡಕ? ಆಕಿ ಮಾರಿ ಕಾಣವಲ್ದು. ಕೂಸು ಸಿಕ್ತೋ ಇಲ್ಲೋ ನೋಡಬೇಕು. ಕುಂದರು ಕೆಳಗ!"

"ಹೌದಬೇ, ಕುಂದರು" ಎಂದಳು ಮುತ್ತವ್ವ.

ತಾರವ್ವ ಕುಳಿತರು. ಅಲ್ಲೇ ಜಮಖಾನದ ಮೇಲೆ, ವೇದಿಕೆಯ ಕಡೆ ತಿರುಗಿ. ಕಡೆಯತನಕ ಯಾರೂ ಏಳಲಿಲ್ಲ.

ಮರುದಿನ ಬೆಳಿಗ್ಗೆ ಕಂಡಿಕೆ ಸುತ್ತುತ್ತ ಕುಳಿತ ಅವರನ್ನು ಹೇಗನಿಸಿತು ಎಂದು ಕೇಳಿದರೆ ಮೊದಲು ಬೈಗುಳವೇ ಬರುತ್ತದೆ. ಕುಣಿತ ಮುಗಿದ ಮೇಲೆ ಅಷ್ಟೂ ಹೆಂಗಸರು ಉಡಿ ತುಂಬಿ ಚೆಲ್ಲಿದ ಅಕ್ಕಿಯನ್ನು ಗುಡಿಸಿದವರು ಯಾರು ಎಂದು ಕೇಳುತ್ತಾರೆ. ಭಕ್ತಿ ಧಾರವಾಡದ ಶಾಲೆಗೆ ಫೋನು ಮಾಡಿ ಕೆಲಸಕ್ಕೆ ಬರುವುದಿಲ್ಲ ಎಂದದ್ದನ್ನು ಆಮೇಲೆ ಹೇಳುತ್ತಾರೆ. ಹರಿದ ನೂಲಿನ ತುದಿ ಹುಡುಕಿ ಗಂಟು ಹಾಕುತ್ತಾರೆ.

"ಮಂದೀನ ಹಿಡದು ಹಿಡದು ಕುಂದ್ರಸಿ ನನ್ನ ಕೈ ಸೋತಿದ್ವರಿ" ಎನ್ನುತ್ತಾರೆ ತಾರವ್ವ. "ನೀ ಅಡ್ಡ ನಿಂದರಬ್ಯಾಡ ಅಂತ ನಿನ್ನೆ ಅವರ ನನ್ನ ಕುಂದ್ರಿಸಿದ್ರು ನೋಡ್ರಿ."