ಎರಡನೇ ಗೇರಿನಿಂದ ಮೂರಕ್ಕೆ

ಮೊನ್ನೆ ಕಡಲೆಕಾಯಿ ಚಿಕ್ಕಿಗೆಂದು ಇಟ್ಟ ಬೆಲ್ಲದ ಪಾಕ ತಳ ಹಿಡಿಯಿತು. ಫೋನಿನಲ್ಲಿ ಮಾತಾಡುತ್ತಾ ನಿಂತದ್ದು ನನ್ನದೇ ತಪ್ಪು. ಪಾತ್ರೆಗೆ ನೀರು ಬಿಟ್ಟಾಗ ಸಿಹಿಯಾದ ಸುಟ್ಟ ವಾಸನೆ ಎದ್ದಿತು, ಕೈ ಹಾಗೇ ನಿಂತಿತು. ಮರಳೂರಿನ ಮೇಸ್ತ್ರಿ ಒಮ್ಮೆ ಎರಡು ಬಿಳಿ ಬಟ್ಟೆಚೂರುಗಳನ್ನು ನನ್ನ ಮುಂದೆ ಹಿಡಿದು ಮೂಸಿ ನೋಡಲು ಹೇಳಿದ್ದರು. ಒಂದರಲ್ಲಿ ಇದೇ ವಾಸನೆಯಿತ್ತು...

ಅವರು ಕಾರು ರಿಪೇರಿಯವರು, ಅರವತ್ತು ದಾಟಿದ ಸಾಬರು. ಶೆಡ್ಡಿಗೆ ಬೋರ್ಡಿರಲಿಲ್ಲ, ಎಲ್ಲರಿಗೂ ಮೇಸ್ತ್ರಿ, ಅಷ್ಟೇ. ಯಾವ ಗಾಡಿ ಬಂದರೂ ಬಾನೆಟ್ ಎತ್ತುವ ಮೊದಲು, ತಂದವರ ಕೈಲೇ ಓಡಿಸಿ ಒಂದು ಸುತ್ತು ಹೋಗಿ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಹಿಂದಿನ ಸೀಟಿನಲ್ಲಿ ಕೂತು, ಬರಿಯ ಅಂಗಾಲನ್ನು ಗಾಡಿಯ ನೆಲಕ್ಕೆ ಒತ್ತಿ ಕಣ್ಣು ಮುಚ್ಚುತ್ತಿದ್ದರು.

ನಮ್ಮದು ಹಳೆಯ ಜರ್ಮನ್ ಕಾರು, ಗೇರು ತಾನಾಗಿಯೇ ಬದಲಾಗುವಂಥದ್ದು. ನನ್ನ ಯಜಮಾನರು ಆಸೆಪಟ್ಟು ಸೆಕೆಂಡ್‌ಹ್ಯಾಂಡಿನಲ್ಲಿ ತಂದಿದ್ದರು. ಉಪ್ಪಾರಹಳ್ಳಿಯ ಮನೆಯಿಂದ ಗುಬ್ಬಿಯ ನಮ್ಮ ಪೇಂಟ್ ಅಂಗಡಿಗೆ ದಿನಾ ಅದರಲ್ಲೇ ಹೋಗಿ ಬರುತ್ತಿದ್ದರು. ಒಂದು ಬೆಳಿಗ್ಗೆ ದಾರಿಯಲ್ಲಿ, ಹೊಂಗೆಮರದ ಕೆಳಗೆ ಗಾಡಿಯನ್ನು ನೀಟಾಗಿ ಎಡಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಕೂತಲ್ಲೇ ಹೋಗಿಬಿಟ್ಟರು. ಹೃದಯಾಘಾತ ಅಂದರು.

ಮೂರು ತಿಂಗಳ ಮೇಲೆ ಅಂಗಡಿ ನೋಡಿಕೊಳ್ಳಲು ನಾನೇ ಹೊರಟೆ. ಆ ಮರದ ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ಯಾರೋ ಸೀಟಿಗೆ ಮೊಣಕಾಲು ಕೊಟ್ಟು ನೂಕಿದಂತಾಯಿತು. ಮಾರನೇ ದಿನವೂ ಅದೇ ಜಾಗ. ಅದರ ಮಾರನೇ ದಿನವೂ... ಹಿಂದಿನ ಸೀಟು ಕಾಣದಿರಲೆಂದು ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿಕೊಂಡು ಓಡಿಸತೊಡಗಿದೆ.

ಅತ್ತೆ ಮುಂದುಗಡೆ ನಿಂಬೆಹಣ್ಣು ಕಟ್ಟಿಸಿದರು. ಒಂದು ಗ್ಯಾರೇಜಿನವರು ಗೇರ್ ಬಾಕ್ಸ್ ಪೂರ್ತಿ ಬಿಚ್ಚಬೇಕೆಂದರು. ಇನ್ನೊಬ್ಬರು ಇಡೀ ದಿನ ಬ್ಯಾಟರಿ ವೈರು ತೆಗೆದಿಟ್ಟು, ಸರಿಹೋಯಿತು ಎಂದು ಕಳಿಸಿದರು; ಸರಿಹೋಗಿರಲಿಲ್ಲ. ಮೈದುನ ಗುಜರಿಗೆ ಕೊಟ್ಟುಬಿಡಿ ಅತ್ತಿಗೆ ಅಂದ. ನನಗೆ ಹೆದರಿಕೆ ಇತ್ತು, ನಿಜ. ಆದರೆ ನೂಕುತ್ತಿರುವುದು ಅವರೇ ಆಗಿದ್ದರೆ, ಮಾರುವುದು ಹೇಗೆ?

ಕೊನೆಗೆ ಮೇಸ್ತ್ರಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ.

"ಮರ ದಾಟಿದ್ಮೇಲೆ ಎಷ್ಟು ಸಲ ಹೊಡೀತದಮ್ಮ?"

ನಾನು ಎಣಿಸಿರಲಿಲ್ಲ. ಮೊದಲನೆಯದಕ್ಕೇ ದೇವರ ಹೆಸರು ಹೇಳತೊಡಗುತ್ತಿದ್ದವಳು ಮುಂದಿನದನ್ನು ಎಲ್ಲಿ ಗಮನಿಸಲಿ?

"ಆ ನಿಂಬೆಹಣ್ಣು ಬಿಚ್ಕೊಂಡೋಗಿ, ಉಪ್ಪಿನಕಾಯಿಗಾದ್ರೂ ಆಗ್ತದೆ. ಗಾಡಿ ಇಲ್ಲೇ ಇರ್ಲಿ," ಅಂದರು.

ಮಾರನೇ ಬೆಳಿಗ್ಗೆ ತಣ್ಣಗಿದ್ದ ಗಾಡಿಯನ್ನು ಗುಬ್ಬಿ ಕಡೆಗಲ್ಲ, ಕುಣಿಗಲ್ ರಸ್ತೆಗೆ ಓಡಿಸಲು ಹೇಳಿ ತಾವು ಹಿಂದೆ ಕೂತರು. ಮನೆಯಿಂದ ಹೊಂಗೆಮರಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟು ಹೊತ್ತು ಹೋಗಿದ್ದೆವು. ಒಂದು ಹಂಪ್ ದಾಟಿ ವೇಗ ಹಿಡಿಯುವಾಗ ಬೆನ್ನಿಗೆ ಅದೇ ಏಟು. ಅಲ್ಲಿ ಮರವಿರಲಿಲ್ಲ. ಮುಂದೆ ಪ್ರತಿ ಹಂಪಿನ ನಂತರವೂ ಹೊಡೆಯಿತು. ಗೇರ್ ಎಣ್ಣೆ ಬಿಸಿಯಾದ ಮೇಲೆ, ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ. ಮನೆಯಿಂದ ಮರದ ಹತ್ತಿರ ಬರುವಷ್ಟರಲ್ಲಿ ಎಣ್ಣೆ ಬಿಸಿಯಾಗಿರುತ್ತದೆ ಅಷ್ಟೇ, ಮರದ್ದೇನೂ ತಪ್ಪಿಲ್ಲ ಎಂದರು. ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಕನ್ನಡಿಯನ್ನು ಕೆಳಗಿಳಿಸಲೂ ಇಲ್ಲ.

ಬಟ್ಟೆಚೂರು ತೋರಿಸಿದ್ದು ಆಗಲೇ. ಒಂದಕ್ಕೆ ಬೇರೊಂದು ಗಾಡಿಯ ಸುಟ್ಟ ಗೇರ್ ಎಣ್ಣೆ, ಇನ್ನೊಂದಕ್ಕೆ ನಮ್ಮದು ಹಚ್ಚಿದ್ದರು. ಅಡುಗೆ ಮಾಡುವವರು ನೀವು, ತಳ ಹಿಡಿದಿದೆಯಾ ಹೇಳಿ ಅಂದರು. ನಮ್ಮದು ಹಿಡಿದಿರಲಿಲ್ಲ. ಅಂದರೆ ಗೇರ್ ಬಾಕ್ಸ್ ಬಿಚ್ಚುವ ಕೆಲಸವಿಲ್ಲ. ತಪ್ಪು ಸಿಕ್ಕಿದ್ದು ಬೇರೆ ಕಡೆ. ಕೆಳಗೆ ವೈರುಗಳು ಸೇರುವಲ್ಲಿ ಒಂದು ರಬ್ಬರು ಹಳತಾಗಿ ಎಣ್ಣೆ ಜಿನುಗಿ, ಆ ವೈರುಗಳ ಒಳಗೊಳಗೇ ಮೇಲಕ್ಕೆ ಹತ್ತಿ, ಮುಂದಿದ್ದ, ಗೇರು ಬದಲಿಸುವ ಕಂಪ್ಯೂಟರ್ ಡಬ್ಬಿಯನ್ನು ಸೇರಿಬಿಟ್ಟಿತ್ತು. ಮುಚ್ಚಳ ತೆಗೆದಾಗ ಕುಂಕುಮದ ನೀರಿನಂಥ ಎಣ್ಣೆ ಹೊಳೆಯಿತು. ಅಷ್ಟು ಸಣ್ಣ ತಂತಿಯೊಳಗೆ, ಯಾರಿಗೂ ಕಾಣದೆ, ಎಷ್ಟು ದಿನದಿಂದ ಹತ್ತುತ್ತಿತ್ತೋ...

ಒರೆಸಿ, ರಬ್ಬರು ಬದಲಿಸಿದ ಮೇಲೆ ಏಟು ಹೋಯಿತು. ಆದರೆ ಮೆತ್ತಗಿನ ಒಂದು ನೂಕು ಉಳಿಯಿತು. ಈ ಸಲ ಮೇಸ್ತ್ರಿ ತಾವೇ ಸ್ಟೀರಿಂಗ್ ಹಿಡಿದು ಹೋದರು. ತುಂಬಾ ಹೊತ್ತಿನ ಮೇಲೆ ಬಂದು ಇಳಿಯದೆ ಕೂತೇ ಕೇಳಿದರು.

"ಹಂಪ್ ಆದ ಕೂಡ್ಲೇ ಸಾರ್ ಜೋರಾಗಿ ಒಂದ್ಸಲ ಎಕ್ಸಲೇಟರ್ ತುಳಿಯೋರು, ಥಟ್ಟಂತ ಕಾಲು ಎತ್ತೋರು. ಅಲ್ವಾ?"

ಮೇಸ್ತ್ರಿ ನನ್ನ ಯಜಮಾನರನ್ನು ಒಮ್ಮೆಯೂ ಕಂಡವರಲ್ಲ. ಅದೇ ಅಭ್ಯಾಸಕ್ಕೆ ನಾನು ವರ್ಷಗಟ್ಟಲೆ ಪಕ್ಕದಲ್ಲಿ ಕೂತು ಗೊಣಗಿದ್ದೆ.

"ಈ ಗೇರ್ ಬಾಕ್ಸು ಓಡ್ಸೋರ ಕಾಲು ಕಲ್ತ್ಕೋತದೆ ಕಣಮ್ಮ. ನಿಮ್ಮದು ಮೆತ್ತಗಿನ ಕಾಲು. ಇದಿನ್ನೂ ಸಾರ್ ಕಾಲಿಗೇ ಕಾಯ್ತಾ ಐತೆ."

ಬ್ಯಾಟರಿ ತೆಗೆದರೆ ಹೋಗುವ ನೆನಪಲ್ಲವಂತೆ ಅದು. ಲ್ಯಾಪ್‌ಟಾಪ್ ಸಿಕ್ಕಿಸಿ ಅಳಿಸಬೇಕು. ಹಾಗೇ ಇರಲಿ ಬಿಡಿ ಅಂದೆ. ಅವರು ಒಪ್ಪಲಿಲ್ಲ.

"ಹಿಂಗೇ ಬಿಟ್ರೆ ಒಳಗಿನ ಪ್ಲೇಟುಗಳು ಸವೆದೋಗ್ತವೆ. ಆಮೇಲೆ ಗಾಡೀನೂ ಇರಲ್ಲ, ಸಾರ್ ಕಾಲೂ ಇರಲ್ಲ."

ಒಂದು ಸುತ್ತು ಹೋಗಿ ಬರುತ್ತೇನೆಂದು ಹೇಳಿ ಒಬ್ಬಳೇ ಗುಬ್ಬಿ ರಸ್ತೆಗೆ ಹೋದೆ. ಈ ಸಲ ಎಣಿಸಿದೆ. ಒಂಬತ್ತು ಸಲ ನೂಕಿತು. ಹೊಂಗೆಮರದ ಕೆಳಗೆ ನಿಲ್ಲಿಸಿ ಕನ್ನಡಿಯನ್ನು ಸರಿಯಾಗಿ ತಿರುಗಿಸಿದೆ. ಹಿಂದಿನ ಸೀಟು ಖಾಲಿ. ಆದರೂ, ಹೊರಡೋಣವಾ, ಅಂತ ಕೇಳಿದೆ. ಗಾಡಿ ಹೊರಟು ವೇಗ ಹಿಡಿಯುವಾಗ ಬೆನ್ನಿಗೆ ಮೆಲ್ಲಗೆ ತಾಕಿತು.

ಶೆಡ್ಡಿಗೆ ವಾಪಸ್ಸು ಬಂದಾಗ ಮೇಸ್ತ್ರಿ ಲ್ಯಾಪ್‌ಟಾಪನ್ನು ನನ್ನ ಕಡೆಗೇ ತಿರುಗಿಸಿದರು. ತಾವು ಒತ್ತುವುದಿಲ್ಲ, ನೀವೇ ಒತ್ತಬೇಕು ಅಂದರು. ಒತ್ತಿದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆರಿ, ಮತ್ತೆ ಹತ್ತಿದವು. ಅಷ್ಟು ಹೊತ್ತೂ ಅವರು ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ ಕೈಕಟ್ಟಿಕೊಂಡು ನಿಂತಿದ್ದರು. ಒಂದು ತಿಂಗಳು ನೀವೊಬ್ಬರೇ ಓಡಿಸಿ, ಯಾರಿಗೂ ಕೊಡಬೇಡಿ, ನಿಮ್ಮ ಕಾಲು ಕಲಿತುಕೊಳ್ಳಲಿ, ಆಮೇಲೆ ಬಂದು ಹೇಗಿದೆ ಅಂತ ಹೇಳಿ ಎಂದು ಕಳಿಸಿದರು.

ನಾನು ಹೋಗಲಿಲ್ಲ. ಅಂಗಡಿ, ಅತ್ತೆಯ ಮಂಡಿನೋವು, ಅದು ಇದು... ತಿಂಗಳು ವರ್ಷವಾಯಿತು. ಕೊನೆಗೆ ಹೋದಾಗ ಶೆಡ್ಡಿನ ಬಾಗಿಲು ಹಾಕಿತ್ತು. ಮೇಸ್ತ್ರಿ ಹೋದ ರಂಜಾನಿಗೆ ಮುಂಚೆಯೇ ತೀರಿಕೊಂಡರು ಎಂದು ಪಕ್ಕದ ಪಂಕ್ಚರ್ ಅಂಗಡಿಯವರು ಹೇಳಿದರು.

ಈಗಲೂ ದಿನಾ ಗುಬ್ಬಿಗೆ ಅದೇ ಕಾರಿನಲ್ಲಿ ಹೋಗುತ್ತೇನೆ. ಹಂಪ್ ದಾಟಿದ ಮೇಲೆ ಬೆನ್ನು ತನಗೆ ತಾನೇ ಬಿಗಿಯಾಗಿ ಕಾಯುತ್ತದೆ. ಎರಡು ಯಾವಾಗ ಮುಗಿಯಿತೋ, ಮೂರು ಯಾವಾಗ ಬಂತೋ ತಿಳಿಯುವುದೇ ಇಲ್ಲ. ಹೇಗಿದೆ ಎಂದು ಕೇಳಿದ್ದವರಿಗೆ ಉತ್ತರ ಹೇಳದೆ ಉಳಿದೆ. ತುಂಬಾ ಚೆನ್ನಾಗಿದೆ ಮೇಸ್ತ್ರಿಗಳೇ. ಗಾಡಿಯಲ್ಲಿ ನಾನೊಬ್ಬಳೇ.